ಕೊಳ್ಳುವವರಿಗೆ ಬರೆಯುವ ಮೊದಲ ಮೇಲ್: ಶಿರಸಿಯ ಕಾಳುಮೆಣಸಿನಿಂದ ಕರಾವಳಿಯ ಹೋಮ್‌ಸ್ಟೇ ತನಕ

ಪರಿಚಯವಿಲ್ಲದ ವ್ಯಾಪಾರಿಗೆ ಮೇಲ್ ಬರೆಯಲು ಕೂತರೆ ಕೈ ಮೊದಲು ಹೋಗುವುದು ಊರಿನ ವರ್ಣನೆಗೆ. ಸಹ್ಯಾದ್ರಿಯ ಮಡಿಲು, ಅಜ್ಜನ ಕಾಲದ ತೋಟ, ವಿಷ ಮುಟ್ಟದ ಮಣ್ಣು. ಎಲ್ಲವೂ ನಿಜವಿರಬಹುದು. ಆದರೆ ಪುಣೆಯ ಮಸಾಲೆ ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುವವರು ಬೆಳಿಗ್ಗೆ ಮೇಲ್ ತೆರೆದಾಗ ಹುಡುಕುವುದು ಐದು ಸಂಗತಿ: ಮಾಲು ಎಷ್ಟಿದೆ, ಅದರ ಗುಣದ ಅಳತೆ ಏನು, ದರ ಎಷ್ಟು ಮತ್ತು ಎಲ್ಲಿಗೆ ಮುಟ್ಟಿಸಿ, ಬಿಲ್ ಸಿಗುತ್ತದೆಯೇ, ಎಂದು ಕೈಸೇರುತ್ತದೆ. ಈ ಐದೂ ಮೊಬೈಲಿನ ಒಂದೇ ಪರದೆಯಲ್ಲಿ ಕಂಡರೆ ಉತ್ತರ ಬರುವ ಸಾಧ್ಯತೆ ಇದೆ. ಬೆರಳಿಂದ ಮೇಲೆ ಸರಿಸಿ ಸರಿಸಿ ಹುಡುಕಬೇಕಾದರೆ ಮೇಲ್ ಅಲ್ಲಿಗೇ ಮುಚ್ಚುತ್ತದೆ.

ಕಾಳುಮೆಣಸು, ಜಾಯಿಕಾಯಿ, ಕೋಕಂ, ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಇವನ್ನು ಹೊರ ಊರಿನ ಅಂಗಡಿ, ಕಾರ್ಖಾನೆ, ಹೋಟೆಲುಗಳಿಗೆ ಸಗಟಾಗಿ ಮಾರಲು ಹೊರಟವರಿಗೂ ಹೋಮ್‌ಸ್ಟೇ ನಡೆಸುವವರಿಗೂ ಈ ಬರಹ. ಅಡಿಕೆಗೆ ಇದು ಬೇಡ. ಬೇಯಿಸಿದ ರಾಶಿಯಾಗಲಿ ಒಣಗಿಸಿದ ಚಾಲಿಯಾಗಲಿ, ಸಹಕಾರಿ ಸೊಸೈಟಿಯ ಟೆಂಡರಿನಲ್ಲಿ ಹತ್ತಾರು ವ್ಯಾಪಾರಿಗಳು ಮಾಲನ್ನು ಕಣ್ಣಾರೆ ಕಂಡು ದರ ಹಾಕುವ ವ್ಯವಸ್ಥೆ ಶಿರಸಿಯಲ್ಲಿ ಗಟ್ಟಿಯಾಗಿ ನಿಂತಿರುವಾಗ, ಮೇಲ್ ಮೂಲಕ ಒಬ್ಬರನ್ನೇ ಹುಡುಕಿ ಮಾರುವುದರಿಂದ ಬೆಳೆಗಾರರಿಗೆ ಲಾಭ ಕಡಿಮೆ, ಹಣ ಸಿಕ್ಕಿಹಾಕಿಕೊಳ್ಳುವ ಅಪಾಯ ಹೆಚ್ಚು.

ಯಾರಿಗೆ ಬರೆಯಬೇಕು

ಎಲ್ಲಿಂದಲೋ ಸಿಕ್ಕ ಐನೂರು ವಿಳಾಸಗಳ ಪಟ್ಟಿಗಿಂತ ನೀವೇ ಆರಿಸಿದ ಇಪ್ಪತ್ತು ಹೆಸರು ಮೇಲು. ದುಡ್ಡು ಕೊಟ್ಟು ಕೊಂಡ ಪಟ್ಟಿಯಲ್ಲಿ ಸತ್ತ ವಿಳಾಸಗಳೇ ಬಹಳ ಇರುತ್ತವೆ. ಅವುಗಳಿಗೆ ಕಳುಹಿಸಿದ್ದು ತಿರುಗಿ ಬಂದಷ್ಟೂ ಮೇಲ್ ಸೇವೆಗಳು ನಿಮ್ಮ ವಿಳಾಸವನ್ನೇ ಅನುಮಾನಿಸತೊಡಗುತ್ತವೆ. ಆಮೇಲೆ ಸರಿಯಾದ ಗಿರಾಕಿಗೆ ಬರೆದದ್ದೂ ಸ್ಪ್ಯಾಮಿಗೆ ಬೀಳುತ್ತದೆ.

ಆರಿಸುವ ಒಳ್ಳೆಯ ಜಾಗ ಅಂಗಡಿಯ ಶೆಲ್ಫ್. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದಾಗ ನಿಮ್ಮ ಬೆಳೆ ಬಳಸುವ ತಯಾರಕರ ಪ್ಯಾಕೆಟ್‌ಗಳ ಹಿಂಬದಿಯ ಫೋಟೊ ತೆಗೆದುಕೊಳ್ಳಿ. ಅಲ್ಲಿ ಎರಡು ಮಾಹಿತಿ ಸಿಗುತ್ತದೆ. ಒಂದು, ಸಾಮಗ್ರಿಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದು ಮೊದಲು ಬರುವಂತೆ ಅದನ್ನು ಬರೆಯಬೇಕೆಂಬುದು ಆಹಾರ ಲೇಬಲ್‌ನ ನಿಯಮ. ಹಾಗಾಗಿ ಸಾರಿನ ಪುಡಿಯಲ್ಲಿ ಕಾಳುಮೆಣಸು ಮೂರನೆಯದೋ ಒಂಬತ್ತನೆಯದೋ ಎಂದು ನೋಡಿದರೆ ಅವರಿಗೆ ಮೆಣಸಿನ ಅಗತ್ಯ ಎಷ್ಟೆಂದು ಅಂದಾಜು ಸಿಗುತ್ತದೆ. ಎರಡು, ಗ್ರಾಹಕ ದೂರಿನ ಮೇಲ್ ವಿಳಾಸ. ಅದು ಖರೀದಿ ವಿಭಾಗದ್ದಲ್ಲ. ಅಲ್ಲಿಗೆ ಪೂರ್ತಿ ಪ್ರಸ್ತಾಪ ಕಳುಹಿಸದೆ ಎರಡೇ ಸಾಲು ಬರೆಯಿರಿ: "ನಾವು ಶಿರಸಿಯ ಕಾಳುಮೆಣಸು ಬೆಳೆಗಾರರು. ನಿಮ್ಮಲ್ಲಿ ಮಸಾಲೆ ಖರೀದಿ ನೋಡುವವರ ಮೇಲ್ ವಿಳಾಸ ತಿಳಿಸುವಿರಾ?" ಹೀಗೆ ಸಿಕ್ಕ ವಿಳಾಸಕ್ಕೆ ಬರೆಯುವಾಗ, ಇಂಥ ವಿಭಾಗದವರು ತಿಳಿಸಿದರು ಎಂಬ ಒಂದು ಸಾಲು ಸೇರಿಸಿದರೆ ಅದು ಪರಿಚಯದ ಚೀಟಿಯಂತೆ ಕೆಲಸ ಮಾಡುತ್ತದೆ.

ಹೆಸರು ಗೊತ್ತಿಲ್ಲದಿದ್ದರೆ ಫೋನ್ ಮಾಡಿ ಕೇಳುವುದರಲ್ಲಿ ಸಂಕೋಚ ಬೇಡ. "ಖರೀದಿ ಯಾರು ನೋಡ್ತಾರೆ, ಅವರಿಗೆ ಮೇಲ್ ಮಾಡ್ಬೇಕಿತ್ತು" ಎಂದರೆ ಸ್ವಾಗತಕಾರರು ಹೆಸರು ಹೇಳುವುದೇ ಹೆಚ್ಚು.

ಮಾಲಿನ ಹೆಸರು: ನಿಮ್ಮದೋ, ಅವರದೋ

ನಮ್ಮಲ್ಲಿ ಮುರುಗಲು ಎನ್ನುವುದು ಹೊರಗೆ ಕೋಕಂ. ಅದರ ಒಣ ಸಿಪ್ಪೆಯನ್ನು ಮಹಾರಾಷ್ಟ್ರದ ವ್ಯಾಪಾರಿಗಳು ಕೇಳುವುದು ಅಮ್ಸೂಲ್ ಎಂದು. ಉಪ್ಪಾಗೆ ಕೇರಳದಲ್ಲಿ ಕೊಡಂಪುಳಿ. ಮುರುಗಲು, ಉಪ್ಪಾಗೆ ಎರಡೂ ಒಂದೇ ಕುಲದ ಬೇರೆ ಬೇರೆ ಹಣ್ಣುಗಳು. ಹೊರಗಿನವರು ಒಂದನ್ನು ಇನ್ನೊಂದೆಂದು ತಿಳಿಯುವುದುಂಟು, ಆದ್ದರಿಂದ ಕೆಂಪು ಬಣ್ಣ ಬಿಡುವುದೋ ಕಪ್ಪಗೆ ಹೊಗೆಯಲ್ಲಿ ಒಣಗಿಸಿದ್ದೋ ಎಂದು ಬಿಡಿಸಿ ಹೇಳಿ. ಜೋನಿಬೆಲ್ಲ ಮರಾಠಿಯವರಿಗೆ ಕಾಕವಿ. ವಿಷಯದ ಸಾಲಿನಲ್ಲಿ ಅವರು ಬಳಸುವ ಹೆಸರಿರಲಿ, ಒಡಲಿನಲ್ಲಿ ನಮ್ಮ ಹೆಸರನ್ನು ಒಮ್ಮೆ ಹೇಳಿದರೆ ಸಾಕು. ಕೊಳ್ಳುವವರು ತಿಂಗಳ ಮೇಲೆ ತಮ್ಮ ಪೆಟ್ಟಿಗೆಯಲ್ಲಿ ಹುಡುಕುವುದು ಅವರಿಗೆ ಗೊತ್ತಿರುವ ಶಬ್ದ ಹಾಕಿಯೇ.

ಮೂರು ಶಬ್ದಗಳ ಬಗ್ಗೆ ಮಾತ್ರ ಎಚ್ಚರ ಬೇಕು. "ಸಾವಯವ" ಎಂದು ಅಂಗಡಿಗೋ ಕಾರ್ಖಾನೆಗೋ ಮಾರುವಾಗ ಸರ್ಕಾರದ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಸಾವಯವ ಪ್ರಮಾಣಪತ್ರ ಇರಬೇಕು. 2017ರ ಸಾವಯವ ಆಹಾರ ನಿಯಮದಲ್ಲಿ ಸಣ್ಣ ಬೆಳೆಗಾರರಿಗೆ ಇರುವ ವಿನಾಯಿತಿ ನೇರವಾಗಿ ಬಳಕೆದಾರರಿಗೇ ಮಾರುವಾಗಿನದು. ಪ್ರಮಾಣಪತ್ರ ಇಲ್ಲದವರು "ರಾಸಾಯನಿಕ ಗೊಬ್ಬರ ಹಾಕಿಲ್ಲ, ವರ್ಷಕ್ಕೆ ಎರಡು ಸಲ ಬೋರ್ಡೋ ದ್ರಾವಣ ಸಿಂಪಡಿಸಿದ್ದೇವೆ" ಎಂದು ಇದ್ದದ್ದನ್ನು ಇದ್ದಂತೆ ಬರೆಯುವುದು ಒಳ್ಳೆಯದು. ಖರೀದಿದಾರರಿಗೆ ಈ ವಾಕ್ಯವೇ ಹೆಚ್ಚು ನಂಬಿಕೆ ಕೊಡುತ್ತದೆ. ಇನ್ನೊಂದು "ಜಿಐ". ಶಿರಸಿ ಸುಪಾರಿಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ನಿಜ. ಆದರೆ ಆ ಗುರುತನ್ನು ಮಾಲಿನ ಮೇಲೆ ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಮೂರನೆಯದು "ಎಕ್ಸ್‌ಪೋರ್ಟ್ ಕ್ವಾಲಿಟಿ". ಇದಕ್ಕೆ ಅಳತೆಯೇ ಇಲ್ಲ. ಅದನ್ನು ತೆಗೆದು ಆ ಜಾಗದಲ್ಲಿ ಒಂದು ಅಂಕಿ ಹಾಕಿ.

ಅಂಕಿ ಮೊದಲು, ಬರೆಯುವುದು ಆಮೇಲೆ

ಮೇಲ್ ಬರೆಯಲು ಕೂರುವ ಮೊದಲು ಅಂಕಿಗಳನ್ನು ಕೈಯಲ್ಲಿ ಇಟ್ಟುಕೊಳ್ಳಿ. ಕಾಳುಮೆಣಸಿನ ಲೀಟರ್ ತೂಕ ನೋಡಲು ಒಂದು ಲೀಟರಿನ ಅಳತೆ ಪಾತ್ರೆಗೆ ಮೆಣಸನ್ನು ಸಡಿಲವಾಗಿ ಸುರಿಯಬೇಕು. ಒತ್ತಬಾರದು, ಕುಲುಕಬಾರದು. ಮೇಲ್ಭಾಗವನ್ನು ಅಡ್ಡಪಟ್ಟಿಯಿಂದ ಸಮಮಾಡಿ ತೂಗಬೇಕು. ಚೀಲದ ಬಾಯಿ, ನಡು, ತಳ ಮೂರೂ ಕಡೆಯಿಂದ ತೆಗೆದು ಮೂರು ಸಲ ತೂಗಿ ಸರಾಸರಿ ಹಾಕಿ. ಬಾಯಿಯದನ್ನು ಮಾತ್ರ ತೂಗಿದರೆ ಅಂಕಿ ಮಾಲಿನದ್ದಾಗುವುದಿಲ್ಲ, ಮಾಲು ಅಲ್ಲಿಗೆ ಮುಟ್ಟಿದ ಮೇಲೆ ಜಗಳ ಬರುತ್ತದೆ. ವ್ಯಾಪಾರದಲ್ಲಿ 500 ಮತ್ತು 550 ಗ್ರಾಂ ಎಂಬ ಗೆರೆಗಳು ಎಲ್ಲರಿಗೂ ಗೊತ್ತು: 550 ದಾಟಿದರೆ ಗಟ್ಟಿ ಕಾಳು, 500ರ ಕೆಳಗೆ ಇಳಿದರೆ ಜೊಳ್ಳು ಹೆಚ್ಚು. ತೇವಾಂಶ ಶೇ. 12ರ ಒಳಗಿರಬೇಕು. ಅದಕ್ಕಿಂತ ಹೆಚ್ಚಿದ್ದ ಮಾಲು ಮಳೆಗಾಲದಲ್ಲಿ ಚೀಲದೊಳಗೇ ಬೂಷ್ಟು ಹಿಡಿಯುತ್ತದೆ, ಕೊಳ್ಳುವವರು ಇದನ್ನೇ ಮೊದಲು ಅನುಮಾನಿಸುತ್ತಾರೆ. ದಪ್ಪ ಕಾಳನ್ನು ಬೇರೆ ಮಾಡಿ ಮಾರುವವರು ಎಷ್ಟು ಮಿಲಿಮೀಟರ್ ಜರಡಿಯ ಮೇಲೆ ನಿಂತದ್ದು ಎಂದು ಹೇಳಬೇಕು. ದಪ್ಪ ಕಾಳಿಗೆ ವ್ಯಾಪಾರದಲ್ಲಿ ಹೇಳುವ ತಲಚೇರಿ ದರ್ಜೆಯ ಲೆಕ್ಕ ಸಾಮಾನ್ಯವಾಗಿ 4.25 ಮಿಮೀಯಿಂದ ಶುರು.

ಉಪ್ಪಿನಕಾಯಿ, ಹಪ್ಪಳದಂಥವಕ್ಕೆ ನಿವ್ವಳ ತೂಕ, ತಯಾರಿಸಿದ ದಿನದಿಂದ ಎಷ್ಟು ತಿಂಗಳು ಬಾಳಿಕೆ, ಪೆಟ್ಟಿಗೆಗೆ ಎಷ್ಟು ಬಾಟಲಿ, ತಿಂಗಳಿಗೆ ಗರಿಷ್ಠ ಎಷ್ಟು ಪೆಟ್ಟಿಗೆ ಕೊಡಬಲ್ಲಿರಿ, ಎಂಆರ್‌ಪಿ ಎಷ್ಟು ಮತ್ತು ಅಂಗಡಿಗೆ ಉಳಿಯುವುದೆಷ್ಟು, ಇವು ಬೇಕು. ಆಹಾರ ಸುರಕ್ಷತಾ ಪರವಾನಗಿ ಅಥವಾ ನೋಂದಣಿಯ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇಲ್ಲದೆ ಯಾವ ಅಂಗಡಿಯವರೂ ಮುಂದುವರಿಯುವುದಿಲ್ಲ, ಅದನ್ನು ಮೊದಲ ಮೇಲ್‌ನಲ್ಲೇ ಹಾಕಿ.

ವಿಷಯದ ಸಾಲು

ಮೊಬೈಲಿನಲ್ಲಿ ವಿಷಯದ ಸಾಲು ಸುಮಾರು ಮೂವತ್ತರಿಂದ ನಲವತ್ತು ಅಕ್ಷರಕ್ಕೆ ಕತ್ತರಿಸಿಹೋಗುತ್ತದೆ. ಹಾಗಾಗಿ ಮಾಲು ಮತ್ತು ಪ್ರಮಾಣ ಎಡತುದಿಯಲ್ಲೇ ಬರಬೇಕು. "ವ್ಯಾಪಾರ ಸಹಯೋಗದ ಕುರಿತು ಪ್ರಸ್ತಾವನೆ" ಎಂಬುದು ಯಾರು ಬೇಕಾದರೂ ಯಾರಿಗೆ ಬೇಕಾದರೂ ಕಳುಹಿಸಬಹುದಾದ ಸಾಲು. "ಶಿರಸಿ ಕಾಳುಮೆಣಸು 600 ಕೆಜಿ, ಲೀ. ತೂಕ 560" ಎಂದರೆ ತೆರೆಯುವ ಮೊದಲೇ ಅರ್ಧ ವಿಷಯ ಗೊತ್ತಾಯಿತು. ಹಿಂದೆ ಮಾತೇ ಆಡದೆ ವಿಷಯದಲ್ಲಿ "ರೀ:" ಎಂದು ಹಾಕಿ ಹಳೆಯ ಮಾತುಕತೆಯಂತೆ ತೋರಿಸುವುದು ಮೋಸ. ತೆರೆದವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಆ ಹೆಸರು ಅವರ ನೆನಪಿನಲ್ಲಿ ಕೆಟ್ಟದಾಗಿಯೇ ಉಳಿಯುತ್ತದೆ.

ಒಡಲು

ಒಂದು ಪೂರ್ತಿ ಮೇಲ್ ಹೀಗಿರಬಹುದು:

ನಮಸ್ಕಾರ ______ ಅವರೆ,

ನಿಮ್ಮ ಸಾರಿನ ಪುಡಿಯ ಸಾಮಗ್ರಿ ಪಟ್ಟಿಯಲ್ಲಿ ಕಾಳುಮೆಣಸು ಮೂರನೆಯದಾಗಿರುವುದನ್ನು ನೋಡಿ ಬರೆಯುತ್ತಿದ್ದೇವೆ.

ಶಿರಸಿ ತಾಲ್ಲೂಕಿನ ಐದು ತೋಟಗಳ ಈ ಸಲದ ಮೆಣಸು 600 ಕೆಜಿ ಸಿದ್ಧವಿದೆ. ಫೆಬ್ರವರಿ ಕೊಯ್ಲು, ಬಿಸಿನೀರಿನಲ್ಲಿ ಅದ್ದಿ ತಾಡಪಾಲಿನ ಮೇಲೆ ಒಣಗಿಸಿದ್ದು. ಲೀಟರ್ ತೂಕ 560 ಗ್ರಾಂ, ತೇವಾಂಶ ಶೇ. 11. 50 ಕೆಜಿಯ 12 ಚೀಲ.

ದರ ಕೆಜಿಗೆ ರೂ. ____. ಶಿರಸಿಯಲ್ಲಿ ಲಾರಿಗೆ ಹೇರಿ ಕೊಡುವ ದರ ಇದು, ಬಾಡಿಗೆ ಬೇರೆ, ಜಿಎಸ್‌ಟಿ ಬೀಳುವುದಾದರೆ ಅದೂ ಬೇರೆ. ಮಾರ್ಚ್ 20ರ ತನಕ ಇದೇ ದರ. ಬಿಲ್ ಕೊಡುತ್ತೇವೆ, ಆರ್ಡರ್ ಆದ ____ ದಿನದಲ್ಲಿ ಮಾಲು ಕೈಸೇರುತ್ತದೆ. ಎಫ್‌ಎಸ್‌ಎಸ್‌ಎಐ ಸಂಖ್ಯೆ ____.

250 ಗ್ರಾಂ ಸ್ಯಾಂಪಲ್ ಕಳುಹಿಸಲೇ? ಯಾವ ವಿಳಾಸಕ್ಕೆ ಎಂದು ತಿಳಿಸಿದರೆ ಸಾಕು.

(ಹೆಸರು, ಊರು, ಫೋನ್ ಸಂಖ್ಯೆ)

ಎಂಬತ್ತರ ಆಸುಪಾಸು ಶಬ್ದ. ಮೊದಲ ಸಾಲು ಅವರ ಬಗ್ಗೆ. ಅದು ಹೊಗಳಿಕೆಯಾಗಬಾರದು. "ನಿಮ್ಮ ಪ್ರತಿಷ್ಠಿತ ಸಂಸ್ಥೆ" ಎಂದು ಯಾರಿಗೂ ಬರೆಯಬಹುದು, ಪ್ಯಾಕೆಟ್ ತಿರುಗಿಸಿ ನೋಡಿದವರು ಮಾತ್ರ ಸಾಮಗ್ರಿ ಪಟ್ಟಿಯ ಮಾತು ಬರೆಯಬಲ್ಲರು. ಈ ಒಂದು ಸಾಲಿಗೆ ಹತ್ತು ನಿಮಿಷ ಹೋದರೂ ಹೋಗಲಿ. ಉಳಿದ ಭಾಗವನ್ನು ಇಪ್ಪತ್ತು ಜನರಿಗೂ ಹಾಗೇ ಬಳಸಬಹುದು, ಈ ಸಾಲನ್ನು ಮಾತ್ರ ಪ್ರತಿಯೊಬ್ಬರಿಗೂ ಹೊಸದಾಗಿ ಬರೆಯಬೇಕು.

ದರ ಹಾಕುವ ಬಗ್ಗೆ ಹಲವರು ಹಿಂದೆಮುಂದೆ ನೋಡುತ್ತಾರೆ. "ದರಕ್ಕೆ ಸಂಪರ್ಕಿಸಿ" ಎಂದು ಬರೆದರೆ ಮಾತುಕತೆ ಬೆಳೆಯುತ್ತದೆಂಬ ಎಣಿಕೆ. ಆಗುವುದು ಅದರ ಉಲ್ಟಾ: ಅವರಿಗೆ ಇನ್ನೊಂದು ಮೇಲ್ ಬರೆಯುವ ಕೆಲಸ ಬಿದ್ದಿತು, ಅವರು ಬರೆಯುವುದಿಲ್ಲ. ಕಾಳುಮೆಣಸಿನ ದರ ದಿನದಿನಕ್ಕೆ ಏರಿಳಿಯುವುದರಿಂದ ಎಂದಿನ ತನಕ ಎಂಬ ದಿನಾಂಕ ಇಲ್ಲದೆ ದರ ಹಾಕಬೇಡಿ. ಏಳರಿಂದ ಹತ್ತು ದಿನ ಸಾಕು. ಎಲ್ಲಿಯ ದರ ಎಂಬುದೂ ಅಷ್ಟೇ ಮುಖ್ಯ. ಶಿರಸಿಗೆ ರೈಲಿಲ್ಲ, ಮಾಲು ಲಾರಿಯಲ್ಲೋ ಬಸ್ಸಿನ ಪಾರ್ಸೆಲ್‌ನಲ್ಲೋ ಹೋಗಬೇಕು. ಬಾಡಿಗೆ ಯಾರ ತಲೆಗೆ ಎಂದು ಬರೆಯದಿದ್ದರೆ ಅವರು ನಿಮ್ಮ ತಲೆಗೇ ಎಂದು ಎಣಿಸಿಕೊಳ್ಳುತ್ತಾರೆ.

ಕೊನೆಯಲ್ಲಿ ಒಂದೇ ಪ್ರಶ್ನೆ. ಸ್ಯಾಂಪಲ್ ಕಳುಹಿಸಲೇ, ಫೋನ್ ಮಾಡಲೇ, ತೋಟಕ್ಕೆ ಬರುವಿರಾ, ಪಟ್ಟಿ ಕಳುಹಿಸಲೇ ಎಂದು ನಾಲ್ಕೂ ಕೇಳಿದರೆ ಓದಿದವರು ಯಾವುದನ್ನು ಆರಿಸಬೇಕೆಂದು ನಿಲ್ಲುತ್ತಾರೆ, ನಿಂತವರು ಆಮೇಲೆ ನೋಡೋಣ ಎಂದು ಮುಚ್ಚುತ್ತಾರೆ. ನಿಂತಲ್ಲೇ ಹತ್ತು ಸೆಕೆಂಡಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಕೇಳಿ. ಪರಿಚಯವೇ ಇಲ್ಲದವರಿಗೆ "ಮುಂಗಡ ಎಷ್ಟು ಕೊಡುವಿರಿ" ಎಂಬುದು ಮೊದಲ ಮೇಲ್‌ನ ಪ್ರಶ್ನೆಯಲ್ಲ.

ತೋಟದ ಕತೆ ಹೇಳಲೇಬೇಕು ಅನಿಸಿದರೆ ಅದಕ್ಕೊಂದು ಜಾಗವಿದೆ. ಬೆಂಗಳೂರು, ಮುಂಬಯಿಯ ಸಣ್ಣ ಅಂಗಡಿಗಳು ಮಾಲಿನ ಜೊತೆ ಅದರ ಹಿನ್ನೆಲೆಯನ್ನೂ ಗಿರಾಕಿಗೆ ಹೇಳಿ ಮಾರುತ್ತವೆ. ಅಂಥವರಿಗೆ ಒಂದು ಸಾಲು ಸೇರಿಸಿ, ಅದೂ ಕೆಲಸದ ಸಾಲಾಗಿರಲಿ: "ಮಿಡಿಯನ್ನು ಹೊಳೆಬದಿಯ ಮರದಿಂದ ತೊಟ್ಟುಸಮೇತ ಕೊಯ್ದು ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಇಳಿಸುತ್ತೇವೆ, ನೆಲಕ್ಕೆ ಬಿದ್ದದ್ದನ್ನು ಉಪ್ಪಿಗೆ ಹಾಕುವುದಿಲ್ಲ." ಅಪ್ಪೆಮಿಡಿ ಯಾಕೆ ದುಬಾರಿ ಎಂದು ಅಂಗಡಿಯವರು ತಮ್ಮ ಗಿರಾಕಿಗೆ ಹೇಳಲು ಬೇಕಾದ ವಾಕ್ಯ ಇದು.

ಹೋಮ್‌ಸ್ಟೇಯವರಿಗೆ

ಕಂಪನಿಗಳ ಎಚ್‌ಆರ್ ವಿಭಾಗಕ್ಕೆ ಬರೆಯುವಾಗ ಜಲಪಾತದ ಫೋಟೊಗಿಂತ ಬಾತ್‌ರೂಮಿನ ಲೆಕ್ಕ ಮುಖ್ಯ. ಇಪ್ಪತ್ತು ಸಹೋದ್ಯೋಗಿಗಳನ್ನು ಕರೆತಂದು ಬೈಸಿಕೊಳ್ಳುವ ಹೆದರಿಕೆ ಅವರಿಗೆ. ಆ ಹೆದರಿಕೆ ತೆಗೆಯುವ ಮೇಲ್ ಗೆಲ್ಲುತ್ತದೆ. ಒಟ್ಟು ಎಷ್ಟು ಜನ, ಎಷ್ಟು ಕೋಣೆ, ಎಷ್ಟು ಬಾತ್‌ರೂಮ್, ಹೆಂಗಸರಿಗೆ ಬೇರೆ ಕೋಣೆ ಇದೆಯೇ, ಯಾವ ಮೊಬೈಲ್ ನೆಟ್‌ವರ್ಕ್ ಸಿಗುತ್ತದೆ, ಕರೆಂಟು ಹೋದರೆ ಇನ್ವರ್ಟರ್ ಎಷ್ಟು ತಾಸು ಬರುತ್ತದೆ, ಮಾಂಸಾಹಾರ ಉಂಟೋ ಇಲ್ಲವೋ, ಅಂಗಳದ ತನಕ 50 ಸೀಟಿನ ಬಸ್ ಬರುತ್ತದೋ ಟಿಟಿ (ಟೆಂಪೊ ಟ್ರಾವೆಲರ್) ಮಾತ್ರವೋ. ಈ ಕೊನೆಯದನ್ನು ಬಿಡುವುದೇ ಹೆಚ್ಚು. ಬಸ್ ತಿರುಗಿಸಲು ಜಾಗವಿಲ್ಲದೆ ಮಣ್ಣು ರಸ್ತೆಯಲ್ಲಿ ಜನ ಬ್ಯಾಗ್ ಹೊತ್ತು ನಡೆದರೆ ಆ ಕಂಪನಿ ಮತ್ತೆ ಬರುವುದಿಲ್ಲ. ಜಿಎಸ್‌ಟಿ ಬಿಲ್ ಕೊಡುವಿರಾ ಎಂಬುದೂ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆಯೂ ಬೇಕು.

ದೂರವನ್ನು ನಿಮ್ಮ ಊರಿನಿಂದ ಅಳೆಯದೆ ಅವರ ಕಚೇರಿಯಿಂದ ಅಳೆಯಿರಿ. ಬೆಂಗಳೂರಿಂದ ಶಿರಸಿಗೆ ಸುಮಾರು 400 ಕಿಮೀ, ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಸುಮಾರು 100 ಕಿಮೀ. ಕರಾವಳಿಯವರು ಕೊಂಕಣ ರೈಲ್ವೆಯ ಯಾವ ನಿಲ್ದಾಣ, ಅಲ್ಲಿಂದ ಆಟೊದಲ್ಲಿ ಎಷ್ಟು ನಿಮಿಷ ಎಂದು ಬರೆಯಿರಿ: ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ. ಗೋಕರ್ಣ ರೋಡ್ ನಿಲ್ದಾಣ ಗೋಕರ್ಣದ ಪೇಟೆಯಲ್ಲಿಲ್ಲ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ, ಇದೂ ಒಂದು ಸಾಲು ಬೇಡುತ್ತದೆ.

ಯಾವಾಗ ಕಳುಹಿಸಬೇಕು? ಅಕ್ಟೋಬರ್‌ನಿಂದ ಫೆಬ್ರವರಿ ತನಕದ ಪ್ರವಾಸಗಳ ತೀರ್ಮಾನ ಅದಕ್ಕೂ ಒಂದೂವರೆ ಎರಡು ತಿಂಗಳು ಮೊದಲೇ ಆಗಿಹೋಗಿರುತ್ತದೆ, ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಸರಿಯಾದ ಕಾಲ. ಮಳೆಗಾಲಕ್ಕೆ ಕರೆಯುವವರು ಸಮುದ್ರಕ್ಕೆ ಇಳಿಯುವಂತಿಲ್ಲ, ನೇತ್ರಾಣಿ ದ್ವೀಪಕ್ಕೆ ದೋಣಿ ಇರುವುದಿಲ್ಲ, ಜಿಗಣೆ ಇರುತ್ತದೆ ಎಂದು ಮೊದಲೇ ಬರೆಯುವುದು ಒಳ್ಳೆಯದು. ಇದನ್ನು ಓದಿದ ಮೇಲೂ ಬರುವವರು ಮಳೆಗಾಗಿಯೇ ಬರುತ್ತಾರೆ, ದೂರುವುದಿಲ್ಲ.

ಭಾಷೆ ಮತ್ತು ಲಿಪಿ

ಕನ್ನಡದವರು ಎಂದು ಗೊತ್ತಿದ್ದರೆ ಕನ್ನಡದಲ್ಲೇ ಬರೆಯಿರಿ. ನೂರು ಇಂಗ್ಲಿಷ್ ಮೇಲ್‌ಗಳ ನಡುವೆ ಕನ್ನಡದ ಒಂದು ಮೇಲ್ ಎದ್ದು ಕಾಣುತ್ತದೆ. ಹೊರರಾಜ್ಯಕ್ಕೆ ಇಂಗ್ಲಿಷ್ ಬೇಕು. ಮೇಲಿನ ಮಾದರಿಯ ವಾಕ್ಯಗಳು ಸಣ್ಣವಾಗಿರುವುದರಿಂದ ಇಂಗ್ಲಿಷಿಗೆ ಸುಲಭವಾಗಿ ಇಳಿಯುತ್ತವೆ. ಅನುವಾದದ ಯಂತ್ರಕ್ಕೆ ಹಾಕಿದರೆ ಅಂಕಿ, ಅಳತೆ, ಮಾಲಿನ ಹೆಸರು ಮೂರನ್ನೂ ಕಣ್ಣಿಟ್ಟು ತಿದ್ದಿ. "ಕೊಯ್ಲು", "ಚಾಲಿ", "ಮಿಡಿ" ಮುಂತಾದವಕ್ಕೆ ಯಂತ್ರ ಏನೇನೋ ಹಾಕುವುದುಂಟು.

ಕನ್ನಡದಲ್ಲಿ ಬರೆಯುವಾಗ ಒಂದು ಸಮಸ್ಯೆ ಪದೇ ಪದೇ ಬರುತ್ತದೆ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಸಿದ ಪತ್ರವನ್ನು ಮೇಲ್‌ಗೆ ಅಂಟಿಸಿದರೆ ಓದುವವರ ಕಡೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಆ ಫಾಂಟ್ ನಿಮ್ಮ ಯಂತ್ರದಲ್ಲಿ ಇರುವುದರಿಂದ ನಿಮಗೆ ಮಾತ್ರ ಸರಿಯಾಗಿ ಕಂಡಿರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ, ಇಲ್ಲವೇ ಪರಿವರ್ತಕದಲ್ಲಿ ಹಾಕಿ ತೆಗೆದು ಒತ್ತಕ್ಷರಗಳನ್ನು ತಿದ್ದಿ. ಕಳುಹಿಸುವ ಮೊದಲು ಮನೆಯ ಇನ್ನೊಬ್ಬರ ಮೊಬೈಲಿಗೆ ಕಳುಹಿಸಿ ಅಲ್ಲಿ ತೆರೆದು ನೋಡಿ.

ಹಳೆಯ ಮೇಲ್‌ನಿಂದ ನಕಲು ಮಾಡಿ ಹೆಸರು ಮಾತ್ರ ಬದಲಿಸಿದಾಗ ಹೆಸರಿನ ಅಕ್ಷರದ ಗಾತ್ರವೋ ಬಣ್ಣವೋ ಬೇರೆಯಾಗಿ ಉಳಿಯುತ್ತದೆ. ಎಲ್ಲರಿಗೂ ಇದೇ ಹೋಗಿದೆ ಎಂದು ಅಲ್ಲಿಗೇ ತಿಳಿಯುತ್ತದೆ. ಪೂರ್ತಿ ಆಯ್ಕೆ ಮಾಡಿ ಫಾರ್ಮ್ಯಾಟಿಂಗ್ ತೆಗೆದುಹಾಕಿ. ಇಪ್ಪತ್ತು ಜನರ ವಿಳಾಸವನ್ನು "ಟು" ಜಾಗದಲ್ಲಿ ಒಟ್ಟಿಗೆ ಹಾಕುವುದಂತೂ ಬೇಡವೇ ಬೇಡ. ಒಬ್ಬೊಬ್ಬರಿಗೂ ಬೇರೆ ಮೇಲ್.

ಸ್ಪ್ಯಾಮಿಗೆ ಬೀಳದಂತೆ

ದಿನಕ್ಕೆ ಹತ್ತು ಮೇಲ್ ಕಳುಹಿಸುವವರಿಗೆ ಸಾಮಾನ್ಯ ಜಿಮೇಲ್ ವಿಳಾಸವೇ ಸಾಕು. ಅದರ ಮಿತಿ ದಿನಕ್ಕೆ 500 ಜನ ಎಂದು ಇದೆ, ಆದರೆ ಅಷ್ಟು ಕಳುಹಿಸುವ ಕೆಲಸ ಇದಲ್ಲ. ಸ್ವಂತ ಡೊಮೇನಿನ ವಿಳಾಸ (ನಿಮ್ಮದೇ ವೆಬ್‌ಸೈಟ್ ಹೆಸರಿನ ಮೇಲ್) ಇದ್ದರೆ ಖರೀದಿದಾರರಿಗೆ ಭರವಸೆ ಹೆಚ್ಚು, ಆದರೆ ಅದನ್ನು ಸರಿಯಾಗಿ ಕಟ್ಟಬೇಕು. 2024ರ ಫೆಬ್ರವರಿಯಿಂದ ಜಿಮೇಲ್ ವಿಳಾಸಗಳಿಗೆ ಕಳುಹಿಸುವ ಪ್ರತಿ ಡೊಮೇನಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ದಾಖಲೆ ಇರಬೇಕು, ದಿನಕ್ಕೆ 5000 ಮುಟ್ಟಿದವರಿಗೆ ಎರಡೂ ಮತ್ತು ಡಿಮಾರ್ಕ್ ಸಹ ಕಡ್ಡಾಯ. ಸಣ್ಣವರೂ ಮೂರನ್ನೂ ಹಾಕಿಸಿಕೊಳ್ಳುವುದೇ ಸರಿ. ಎಸ್‌ಪಿಎಫ್ ಎಂದರೆ ನಿಮ್ಮ ಡೊಮೇನಿನ ಹೆಸರಲ್ಲಿ ಮೇಲ್ ಕಳುಹಿಸಲು ಯಾವ ಸರ್ವರಿಗೆ ಅನುಮತಿ ಇದೆ ಎಂಬ ಪಟ್ಟಿ. ಡಿಕಿಮ್ ಎಂದರೆ ದಾರಿಯಲ್ಲಿ ಮೇಲ್ ತಿದ್ದಿಲ್ಲ ಎಂದು ತೋರಿಸುವ ಸಹಿ. ಡಿಮಾರ್ಕ್ ಎಂದರೆ ಈ ಪರೀಕ್ಷೆಗಳಲ್ಲಿ ಪಾಸಾಗದ ಮೇಲನ್ನು ಏನು ಮಾಡಬೇಕು ಎಂಬ ಸೂಚನೆ. ಆಗಾಗ ಆಗುವ ತಪ್ಪು: ವೆಬ್‌ಸೈಟ್ ಮಾಡಿಕೊಟ್ಟವರು ಒಂದು ಎಸ್‌ಪಿಎಫ್ ದಾಖಲೆ ಹಾಕಿರುತ್ತಾರೆ, ಮೇಲ್ ಸೇವೆ ಕೊಂಡಾಗ ಇನ್ನೊಂದು ಸೇರಿಸುತ್ತಾರೆ. ಒಂದು ಡೊಮೇನಿಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡಿದ್ದರೆ ಎರಡೂ ಕೆಲಸ ಮಾಡುವುದಿಲ್ಲ, ಸೇರಿಸಿ ಒಂದೇ ಸಾಲಾಗಿ ಬರೆಯಿಸಿ. ಸರಿಯಾಗಿದೆಯೇ ಎಂದು ನೋಡಲು ನಿಮ್ಮದೇ ಜಿಮೇಲ್‌ಗೆ ಒಂದು ಕಳುಹಿಸಿ, ಕಂಪ್ಯೂಟರಿನಲ್ಲಿ ತೆರೆದು ಮೂರು ಚುಕ್ಕೆಯ ಪಟ್ಟಿಯಿಂದ "ಶೋ ಒರಿಜಿನಲ್" ಒತ್ತಿ. ಮೂರರ ಮುಂದೆಯೂ "ಪಾಸ್" ಎಂದಿರಬೇಕು.

ಹೊಸ ಡೊಮೇನಿನಿಂದ ಮೊದಲ ದಿನವೇ ನೂರು ಕಳುಹಿಸಬೇಡಿ. ಮೊದಲ ಎರಡು ವಾರ ದಿನಕ್ಕೆ ಐದಾರು, ಅದರಲ್ಲೂ ಖಂಡಿತ ಉತ್ತರಿಸುವ ಪರಿಚಯದವರು ಕೆಲವರಿರಲಿ.

ಹೊರದೇಶಕ್ಕೆ ಬರೆಯುವವರಿಗೆ ಇನ್ನೊಂದು ಮಾತು. ಅಮೆರಿಕದ ನಿಯಮದಂತೆ ವ್ಯಾಪಾರದ ಮೇಲ್‌ನಲ್ಲಿ ನಿಮ್ಮ ಅಂಚೆ ವಿಳಾಸ ಮತ್ತು ಇನ್ನು ಬೇಡ ಎನ್ನಲು ದಾರಿ ಇರಬೇಕು, ಬೇಡ ಎಂದವರನ್ನು 10 ಕೆಲಸದ ದಿನಗಳೊಳಗೆ ಕೈಬಿಡಬೇಕು. ಜರ್ಮನಿಯಲ್ಲಿ ಕಂಪನಿಗೆ ಬರೆಯುವುದಾದರೂ ಜಾಹೀರಾತಿನ ಮೇಲ್‌ಗೆ ಮುಂಚಿನ ಒಪ್ಪಿಗೆ ಬೇಕು. ಅಲ್ಲಿಗೆ ಮೇಳದ ಭೇಟಿ ಅಥವಾ ಕಾಗದದ ಪತ್ರ ಸರಿಯಾದ ದಾರಿ.

ಲಗತ್ತು

ಮೊದಲ ಮೇಲ್‌ನಲ್ಲಿ ಲಗತ್ತು ಇಲ್ಲದಿರುವುದೇ ಮೇಲು. ಬೇಕೇ ಬೇಕಾದರೆ 300 ಕೆಬಿಗೆ ಇಳಿಸಿದ ಒಂದು ಫೋಟೊ: ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮೇಲೆ ಒಂದು ಹಿಡಿ ಮೆಣಸು, ಪಕ್ಕದಲ್ಲಿ ಸ್ಕೇಲು. ಮೊಬೈಲಿನಿಂದ ತೆಗೆದ ಫೋಟೊ ಒಂದೊಂದೂ ಮೂರು ನಾಲ್ಕು ಎಂಬಿ ಇರುತ್ತದೆ, ಎಂಟು ಹಾಕಿದರೆ ಜಿಮೇಲ್‌ನ 25 ಎಂಬಿ ಮಿತಿ ದಾಟಿಹೋಗಿ ಡ್ರೈವ್ ಕೊಂಡಿಯಾಗುತ್ತದೆ. ಆ ಕೊಂಡಿಗೆ "ಕೊಂಡಿ ಇರುವ ಯಾರಾದರೂ ನೋಡಬಹುದು" ಎಂಬ ಅನುಮತಿ ಕೊಡದಿದ್ದರೆ ಆ ಕಡೆಯವರಿಗೆ ಅನುಮತಿ ಕೇಳುವ ಪುಟ ಬರುತ್ತದೆ. ಪರಿಚಯವಿಲ್ಲದವರ ಫೋಟೊ ನೋಡಲು ಯಾರೂ ಅನುಮತಿ ಕೇಳುವುದಿಲ್ಲ. ಲಾಗ್ ಔಟ್ ಆಗಿ ಆ ಕೊಂಡಿಯನ್ನು ನೀವೇ ಒಮ್ಮೆ ತೆರೆದು ನೋಡಿ.

ಉತ್ತರ ಬಾರದಿದ್ದರೆ

ನಾಲ್ಕೈದು ಕೆಲಸದ ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಒತ್ತಿ ಬರೆಯಿರಿ, ಹಳೆಯದು ಕೆಳಗೇ ಇರುತ್ತದೆ. "ನನ್ನ ಮೇಲ್ ನೋಡಿದಿರಾ" ಎನ್ನಬೇಡಿ. ಅದರಲ್ಲಿ ಅವರಿಗೆ ಹೊಸದೇನೂ ಇಲ್ಲ, ಆಕ್ಷೇಪದಂತೆ ಕೇಳುತ್ತದೆ. ಹೊಸ ಸಂಗತಿ ಒಂದನ್ನು ತನ್ನಿ: "600 ಕೆಜಿಯಲ್ಲಿ 250 ಮಾರಾಟವಾಗಿದೆ, 350 ಉಳಿದಿದೆ. ಸ್ಯಾಂಪಲ್ ಬೇಕಿದ್ದರೆ ಸೋಮವಾರದ ಅಂಚೆಗೆ ಹಾಕುತ್ತೇವೆ." ಅಂಕಿ ನಿಜವಾಗಿರಬೇಕು. ಇಲ್ಲದ ಮಾರಾಟ ತೋರಿಸಿ ಅವಸರ ಹುಟ್ಟಿಸಿದವರು ಮುಂದಿನ ಸಲ ಅದೇ 600 ಕೆಜಿಯೊಂದಿಗೆ ಸಿಕ್ಕಿಬೀಳುತ್ತಾರೆ. ಅದಾಗಿ ಹತ್ತು ದಿನಕ್ಕೆ ಕೊನೆಯ ಒಂದು, ಎರಡು ಸಾಲು. ಆಮೇಲೆ ಈ ಹಂಗಾಮಿಗೆ ಅವರನ್ನು ಬಿಟ್ಟುಬಿಡಿ, ಮುಂದಿನ ಕೊಯ್ಲಿಗೆ ಹೊಸದಾಗಿ ಬರೆಯಬಹುದು. ಬೇಡ ಎಂದವರಿಗೆ ಮಾತ್ರ ಮತ್ತೆ ಬರೆಯಬಾರದು.

ಇದಕ್ಕೆಲ್ಲ ಒಂದು ಪಟ್ಟಿ ಬೇಕು: ಹೆಸರು, ವಿಳಾಸ, ಕಳುಹಿಸಿದ ದಿನ, ಹೇಳಿದ ದರ, ಮುಂದಿನ ದಿನ, ಬಂದ ಉತ್ತರ. ನೋಟ್‌ಬುಕ್ಕಾದರೂ ಸರಿ. ದರದ ಕಾಲಂ ಇಲ್ಲದ ಪಟ್ಟಿ ಅಪಾಯಕಾರಿ, ಒಬ್ಬರಿಗೇ ಎರಡು ದರ ಹೇಳಿ ಕೂರುವಂತಾಗುತ್ತದೆ.

ಕಳುಹಿಸುವ ದಿನವನ್ನು ಮುಂದಿನ ಎರಡು ದಿನ ಉತ್ತರಿಸಲು ಸಾಧ್ಯವೇ ಎಂದು ನೋಡಿ ಆರಿಸಿ. ಜೂನ್, ಜುಲೈಯಲ್ಲಿ ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ಒಳಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. "ಕಳುಹಿಸಿ" ಎಂಬ ಉತ್ತರ ಮೂರು ದಿನ ಕಾದರೆ ಆಸೆ ತಣ್ಣಗಾಗುತ್ತದೆ. ಪೇಟೆಗೆ ಬರುವ ದಿನದ ಬೆಳಿಗ್ಗೆಗೆ ಮೇಲ್ ಹೋಗುವಂತೆ ಶೆಡ್ಯೂಲ್ ಮಾಡಿಡುವುದು ಒಂದು ದಾರಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ವಾರದಲ್ಲಿ ಮಾಲು ಹೊರಡಿಸುತ್ತೇವೆ ಎಂದು ಯಾರಿಗೂ ದಿನ ಕೊಡಬೇಡಿ.

ಉತ್ತರ ಬಂದ ಮೇಲೆ

ಅದೇ ದಿನ ಉತ್ತರಿಸಿ. ಸ್ಯಾಂಪಲ್ ಚೀಲದ ಮೇಲೆ ನಿಮ್ಮ ಹೆಸರು, ಫೋನ್, ಲಾಟ್ ಸಂಖ್ಯೆ, ಲೀಟರ್ ತೂಕ, ತೇವಾಂಶ, ದಿನಾಂಕ ಬರೆದ ಚೀಟಿ ಅಂಟಿಸಿ. ಖರೀದಿದಾರರ ಮೇಜಿನ ಮೇಲೆ ಹತ್ತು ಸ್ಯಾಂಪಲ್ ಇರುತ್ತವೆ, ಚೀಟಿ ಇಲ್ಲದ್ದು ಯಾರದೋ ಆಗುತ್ತದೆ. ಅದೇ ಲಾಟಿನಿಂದ ಅರ್ಧ ಕೆಜಿ ತೆಗೆದು ಬಾಯಿ ಕಟ್ಟಿ ನಿಮ್ಮಲ್ಲೂ ಇಟ್ಟುಕೊಳ್ಳಿ. "ಸ್ಯಾಂಪಲ್ ಹಾಗಿತ್ತು, ಮಾಲು ಹೀಗಿದೆ" ಎಂಬ ಮಾತು ಬಂದರೆ ಹೋಲಿಸಲು ಅದೇ ಆಧಾರ. ಅಂಚೆಗೆ ಹಾಕಿದ ಕೂಡಲೇ ಸ್ಪೀಡ್ ಪೋಸ್ಟ್ ಸಂಖ್ಯೆಯನ್ನು ಒಂದು ಸಾಲಿನ ಮೇಲ್‌ನಲ್ಲಿ ತಿಳಿಸಿ.

ಮಾಲು ಹೇರುವ ಮೊದಲು ಅವರ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. 15 ಅಕ್ಷರಗಳ ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು: 29 ಕರ್ನಾಟಕ, 27 ಮಹಾರಾಷ್ಟ್ರ, 30 ಗೋವಾ. ಪುಣೆಯವರು ಎಂದು ಹೇಳಿ ಬೇರೆ ರಾಜ್ಯದ ಸಂಖ್ಯೆ ಕೊಟ್ಟರೆ ಕಾರಣ ಕೇಳಿ. ಪೋರ್ಟಲ್ ತೋರಿಸುವ ಹೆಸರು, ಮೇಲ್‌ನಲ್ಲಿರುವ ಹೆಸರು, ಹಣ ಬರುವ ಖಾತೆಯ ಹೆಸರು ಹೊಂದಬೇಕು. ಮುಂಗಡ ಹಾಕುತ್ತೇವೆ ಎಂದು ಕ್ಯೂಆರ್ ಕೋಡ್ ಕಳುಹಿಸಿ ಪಿನ್ ಒತ್ತಲು ಹೇಳಿದರೆ ಅಲ್ಲಿಗೇ ನಿಲ್ಲಿಸಿ: ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಹೊರದೇಶದ ದೊಡ್ಡ ಆರ್ಡರ್ ಕೊಟ್ಟು ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವ ಮೇಲ್‌ಗೂ ಉತ್ತರ ಬೇಡ. ಹೊಸಬರಿಗೆ ಮೊದಲ ಲೋಡು ಸಣ್ಣದಿರಲಿ, ಎರಡೋ ಮೂರೋ ಚೀಲ, ಹಣ ಖಾತೆಗೆ ಬಿದ್ದ ಮೇಲೆಯೇ ಲಾರಿಗೆ ಹೇರಿ.